ಬ್ಲೇಡಿನ ಮೇಲಿನ ವಾಯುಭಾರ: ಲೆಕ್ಕ ಎಲ್ಲಿ ಅಳತೆಗೆ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ

ಹೆಲಿಕಾಪ್ಟರ್ ರೋಟರಿನ ಬ್ಲೇಡುಗಳ ಮೇಲೆ ಗಾಳಿ ಹೇರುವ ಭಾರವನ್ನು ಲೆಕ್ಕ ಹಾಕುವುದು ಹೇಗೆ, ಆ ಲೆಕ್ಕವನ್ನು ಹಾರಾಟದ ಅಳತೆಯೊಂದಿಗೆ ಹೋಲಿಸುವುದು ಹೇಗೆ ಎಂದು ಕೇಳಿ ಬಂದಿರುವ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದರ ಉತ್ತರ ಮುಂದಿನದಕ್ಕೆ ಬೇಕಾಗುವುದರಿಂದ ಇವನ್ನು ಇದೇ ಕ್ರಮದಲ್ಲಿ ಓದಿದರೆ ಅನುಕೂಲ.

ಪ್ರಶ್ನೆ: ನಾನು ಏರೋಸ್ಪೇಸ್ ಎಂಜಿನಿಯರಿಂಗ್ ಸ್ನಾತಕೋತ್ತರ ವಿದ್ಯಾರ್ಥಿನಿ. ನಾವು ಬಳಸುವ ಪ್ರೋಗ್ರಾಂ ರೋಟರಿನ ಒಟ್ಟು ಥ್ರಸ್ಟನ್ನೂ (ಇಡೀ ರೋಟರ್ ಕೊಡುವ ಎತ್ತುವ ಬಲ) ಅದಕ್ಕೆ ಬೇಕಾಗುವ ಶಕ್ತಿಯನ್ನೂ ಪ್ರಕಟವಾಗಿರುವ ಹಾರಾಟದ ಅಳತೆಗಳಿಗೆ ಬಹಳ ಹತ್ತಿರವಾಗಿಯೇ ಕೊಡುತ್ತದೆ. ಆದರೆ ಬ್ಲೇಡಿನ ತುದಿಯ ಬಳಿ ಒಂದು ಸುತ್ತಿನಲ್ಲಿ ಲಿಫ್ಟ್ (ಆ ಭಾಗಕ್ಕೆ ಗಾಳಿ ಕೊಡುವ ಎತ್ತುವ ಬಲ) ಹೇಗೆ ಏರಿಳಿಯುತ್ತದೆ ಎಂದು ನೋಡಿದರೆ, ನಮ್ಮ ರೇಖೆಗೂ ಅಳತೆಯ ರೇಖೆಗೂ ಹೋಲಿಕೆಯೇ ಇರುವುದಿಲ್ಲ. ಮೊತ್ತ ಸರಿಯಿದ್ದು ಬಿಡಿಗಳು ತಪ್ಪಾಗಿರುವುದು ಹೇಗೆ ಸಾಧ್ಯ?

ಉತ್ತರ: ಸಾಧ್ಯ ಮಾತ್ರವಲ್ಲ, ರೋಟರಿನ ಲೆಕ್ಕಗಳಲ್ಲಿ ಅದು ಹಲವು ದಶಕ ಕಾಡಿದ ಸಂಗತಿ. ಮೊದಲು ಥ್ರಸ್ಟಿನ ವಿಷಯ ನೋಡೋಣ. ನಿಮ್ಮ ಪ್ರೋಗ್ರಾಂ ಒಂದು ಹಾರಾಟದ ಸ್ಥಿತಿಯನ್ನು ಬಿಡಿಸುವಾಗ, ರೋಟರಿನ ಥ್ರಸ್ಟ್ ಮತ್ತು ಬ್ಲೇಡುಗಳು ಸೇರುವ ನಡುಭಾಗವಾದ ಹಬ್‌ನ ಮೇಲಿನ ಎರಡು ಮೊಮೆಂಟುಗಳು (ತಿರುಗಿಸುವ ಬಲಗಳು) ಕೊಟ್ಟ ಬೆಲೆಗೆ ಬಂದು ನಿಲ್ಲುವವರೆಗೆ ಕಲೆಕ್ಟಿವ್ (ಎಲ್ಲ ಬ್ಲೇಡುಗಳಿಗೂ ಒಟ್ಟಿಗೆ ಕೊಡುವ) ಮತ್ತು ಸೈಕ್ಲಿಕ್ (ಸುತ್ತಿನ ಜೊತೆ ಬದಲಾಗುವ) ಕೋನಗಳನ್ನು ತಾನೇ ತಿದ್ದುತ್ತಾ ಹೋಗುತ್ತದೆ. ಟ್ರಿಮ್ ಎನ್ನುವುದು ಇದನ್ನೇ. ಹೀಗಾಗಿ ಥ್ರಸ್ಟ್ ಹೊಂದಿಕೆಯಾದದ್ದು ಲೆಕ್ಕದಿಂದ ಹೊರಬಂದ ಫಲಿತಾಂಶವಲ್ಲ, ಲೆಕ್ಕಕ್ಕೆ ನೀವೇ ವಿಧಿಸಿದ ಷರತ್ತು. ಶಕ್ತಿ ಹಾಗಲ್ಲ, ಅದು ನಿಜಕ್ಕೂ ಲೆಕ್ಕದಿಂದ ಬರುತ್ತದೆ. ಆದರೆ ಅದು ಬ್ಲೇಡಿನ ಉದ್ದಕ್ಕೂ ಸುತ್ತಿನ ಉದ್ದಕ್ಕೂ ಕೂಡಿಸಿ ಪಡೆದ ಸರಾಸರಿ. ಒಂದು ಕಡೆ ಹೆಚ್ಚಾದದ್ದು ಇನ್ನೊಂದು ಕಡೆ ಕಡಿಮೆಯಾದದ್ದನ್ನು ತುಂಬಿಕೊಡುತ್ತದೆ, ಮೊತ್ತದಲ್ಲಿ ತಪ್ಪು ಕಾಣದೆ ಹೋಗುತ್ತದೆ.

ಬಿಡಿಬಿಡಿಯಾಗಿ ನೋಡಿದಾಗ ಸ್ಥಿತಿ ಎಷ್ಟು ಕಠಿಣ ಎನ್ನುವುದಕ್ಕೆ, ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಯುಎಚ್-60ಎ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರನ್ನೇ ತೆಗೆದುಕೊಳ್ಳೋಣ. ಅದರ ರೋಟರಿಗೆ ನಾಲ್ಕು ಬ್ಲೇಡುಗಳು, ತ್ರಿಜ್ಯ 8.18 ಮೀಟರ್, ವೇಗ ನಿಮಿಷಕ್ಕೆ 258 ಸುತ್ತು. ಸುತ್ತುವಿಕೆಯಿಂದಲೇ ಬ್ಲೇಡಿನ ತುದಿಗೆ ಸೆಕೆಂಡಿಗೆ ಸುಮಾರು 221 ಮೀಟರ್ ವೇಗ ಬರುತ್ತದೆ. ಹೆಲಿಕಾಪ್ಟರ್ 158 ನಾಟ್ (ಸೆಕೆಂಡಿಗೆ ಸುಮಾರು 81 ಮೀಟರ್) ವೇಗದಲ್ಲಿ ಮುಂದಕ್ಕೆ ಹಾರುವಾಗ, ಮುಂದಕ್ಕೆ ಬರುವ ಬ್ಲೇಡಿನ ತುದಿಗೆ ಬಡಿಯುವ ಗಾಳಿಯ ವೇಗ ಸೆಕೆಂಡಿಗೆ 302 ಮೀಟರಿಗೆ ಏರುತ್ತದೆ, ಹಿಂದಕ್ಕೆ ಹೋಗುವ ಬ್ಲೇಡಿನ ತುದಿಗೆ 140 ಮೀಟರಿಗೆ ಇಳಿಯುತ್ತದೆ. ಗಾಳಿಯ ಬಲ ವೇಗದ ವರ್ಗವನ್ನು ಅನುಸರಿಸುವುದರಿಂದ, ಅದೇ ತುದಿ ಅರ್ಧ ಸುತ್ತಿನೊಳಗೆ ನಾಲ್ಕೂವರೆ ಪಟ್ಟಿಗೂ ಹೆಚ್ಚಿನ ಒತ್ತಡದ ವ್ಯತ್ಯಾಸವನ್ನು ಹಾಯ್ದು ಬರುತ್ತದೆ. ಮುಂಬರುವ ಬದಿಯಲ್ಲಿ ಮ್ಯಾಕ್ ಸಂಖ್ಯೆ (ಶಬ್ದದ ವೇಗಕ್ಕೆ ಹೋಲಿಸಿದ ಗಾಳಿಯ ವೇಗ) 0.88ರ ಹತ್ತಿರವಿದ್ದು ಆಘಾತ ತರಂಗಗಳು ಹುಟ್ಟುತ್ತವೆ. ಹಿಂದಕ್ಕೆ ಹೋಗುವ ಬದಿಯಲ್ಲಿ, ಬ್ಲೇಡಿನ ಬೇರಿನ (ಹಬ್ ಕಡೆಯ ಬುಡದ) ಸಮೀಪದ ಸುಮಾರು 3 ಮೀಟರ್ ಭಾಗಕ್ಕೆ ಗಾಳಿ ಹಿಂಚೂಣಿಯ, ಅಂದರೆ ಬ್ಲೇಡಿನ ಹಿಂದಿನ ಅಂಚಿನ, ಕಡೆಯಿಂದಲೇ ಬಡಿಯುತ್ತದೆ.

ಎರಡು ಬದಿಗಳ ಲಿಫ್ಟ್ ಸಮತೂಗದಿದ್ದರೆ ಹೆಲಿಕಾಪ್ಟರ್ ಮಗುಚುವುದರಿಂದ, ಮುಂಬರುವ ಬ್ಲೇಡಿನ ಕೋನವನ್ನು ಸೈಕ್ಲಿಕ್ ನಿಯಂತ್ರಣ ಬಹಳವಾಗಿ ತಗ್ಗಿಸುತ್ತದೆ. ಬ್ಲೇಡನ್ನು ತಯಾರಿಸುವಾಗಲೇ ಬೇರಿನಿಂದ ತುದಿಯವರೆಗೆ ಮೂತಿ ಕೆಳಗಾಗುತ್ತಾ ಹೋಗುವಂತೆ ತಿರುಚಿರುತ್ತಾರೆ. ಇವೆರಡೂ ಕೂಡಿದಾಗ ತುದಿಯ ಹೊರಭಾಗ ಮೇಲಕ್ಕೆತ್ತುವುದನ್ನು ಬಿಟ್ಟು ಕೆಳಕ್ಕೆ ತಳ್ಳಲು ತೊಡಗುತ್ತದೆ. ಈ ಋಣ ಲಿಫ್ಟ್ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಷ್ಟೇ ಅಲ್ಲ, ಸುತ್ತಿನ ಯಾವ ಕೋನದಲ್ಲಿ ತಳ ಮುಟ್ಟುತ್ತದೆ ಎಂಬುದೂ ಮುಖ್ಯ. ನಿಮ್ಮ ರೇಖೆ ತಪ್ಪಿರುವುದು ಬಹುಶಃ ಇಲ್ಲಿಯೇ.

ಕೋನ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಿ. ನಾಲ್ಕು ಬ್ಲೇಡಿನ ರೋಟರಿನಲ್ಲಿ, ಬ್ಲೇಡಿನ ಮೇಲೆ ಸುತ್ತಿಗೆ ಮೂರು, ನಾಲ್ಕು ಮತ್ತು ಐದು ಬಾರಿ ಏರಿಳಿಯುವ ಭಾರಗಳು ಹಬ್‌ನಲ್ಲಿ ಕೂಡಿಕೊಂಡು, ಸುತ್ತಿಗೆ ನಾಲ್ಕು ಬಾರಿಯ ಕಂಪನವಾಗಿ ಹೆಲಿಕಾಪ್ಟರಿನ ಒಡಲಿಗೆ ಇಳಿಯುತ್ತವೆ. ಈ ರೋಟರಿನಲ್ಲಿ ಅದು ಸೆಕೆಂಡಿಗೆ ಸುಮಾರು 17 ಬಾರಿಯ ಅಲುಗಾಟ. ಸುತ್ತಿಗೆ ನಾಲ್ಕು ಬಾರಿಯ ಭಾಗದ ಎತ್ತರವನ್ನು ನಿಮ್ಮ ಲೆಕ್ಕ ಕರಾರುವಾಕ್ಕಾಗಿ ಕೊಟ್ಟಿದೆ, ಆದರೆ ಅದನ್ನು ಸುತ್ತಿನಲ್ಲಿ 15 ಡಿಗ್ರಿ ಆಚೀಚೆ ಇಟ್ಟಿದೆ ಎಂದುಕೊಳ್ಳಿ. ಸುತ್ತಿನ 15 ಡಿಗ್ರಿ ಈ ಭಾಗದ ಪಾಲಿಗೆ 60 ಡಿಗ್ರಿ ಫೇಸ್ (ಏರಿಳಿತದ ಚಕ್ರದಲ್ಲಿನ ಸ್ಥಾನದ) ವ್ಯತ್ಯಾಸ. ಆಗ ಲೆಕ್ಕಕ್ಕೂ ಅಳತೆಗೂ ಉಳಿಯುವ ಅಂತರ ಆ ಏರಿಳಿತದ ಎತ್ತರಕ್ಕೇ ಸಮನಾಗುತ್ತದೆ. ಅಂದರೆ ಆ ಭಾಗವನ್ನು ಲೆಕ್ಕವೇ ಹಾಕದೆ ಸೊನ್ನೆ ಎಂದು ಬರೆದಿದ್ದರೂ ತಪ್ಪು ಅಷ್ಟೇ ಇರುತ್ತಿತ್ತು. ಸಮಯದಲ್ಲಿ ಹೇಳುವುದಾದರೆ ಸುತ್ತಿನ ಆ 15 ಡಿಗ್ರಿ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಥ್ರಸ್ಟ್ ಮತ್ತು ಶಕ್ತಿಯ ಕೋಷ್ಟಕದಲ್ಲಿ ಇದರ ಸುಳಿವೂ ಸಿಗುವುದಿಲ್ಲ.

ಪ್ರಶ್ನೆ: ಹಾರಾಟದ ಅಳತೆಯನ್ನೇ ನಿಜ ಎಂದು ಹಿಡಿದು ಲೆಕ್ಕವನ್ನು ಅಳೆಯುತ್ತಾರೆ. ಆದರೆ ತಿರುಗುತ್ತಿರುವ ಬ್ಲೇಡಿನ ಮೇಲೆ ಗಾಳಿಯ ಭಾರವನ್ನು ಅಳೆಯುವುದಾದರೂ ಹೇಗೆ, ಆ ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ಬಹಳ ಮುಖ್ಯವಾದ ಪ್ರಶ್ನೆ, ಹೋಲಿಕೆಯ ಚಿತ್ರಗಳನ್ನು ನೋಡುವವರಲ್ಲಿ ಹೆಚ್ಚಿನವರು ಇದನ್ನು ಕೇಳದೆಯೇ ಮುಂದೆ ಹೋಗುತ್ತಾರೆ. ಈ ಬಗೆಯ ಅಳತೆಗೆ ಹಳೆಯ ಇತಿಹಾಸವಿದೆ. 1960ರ ದಶಕದ ಆರಂಭದಲ್ಲೇ ನಾಸಾದ ಲ್ಯಾಂಗ್ಲಿ ಕೇಂದ್ರ ಎಚ್-34 ಹೆಲಿಕಾಪ್ಟರಿನ ಬ್ಲೇಡಿಗೆ ಒತ್ತಡ ಸಂವೇದಕಗಳನ್ನು ಕೂರಿಸಿ ಹಾರಿಸಿತ್ತು. ಆದರೆ ಇಂದು ಎಲ್ಲರೂ ಅಳತೆಗೋಲಾಗಿ ಹಿಡಿಯುವುದು ನಾಸಾ ಮತ್ತು ಅಮೆರಿಕದ ಸೇನೆ ಸೇರಿ 1993–94ರಲ್ಲಿ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ನಡೆಸಿದ ಯುಎಚ್-60ಎ ವಾಯುಭಾರ ಕಾರ್ಯಕ್ರಮದ ದತ್ತಾಂಶವನ್ನು. ಅದರಲ್ಲಿ ನಾಲ್ಕು ಬ್ಲೇಡುಗಳ ಪೈಕಿ ಒಂದಕ್ಕೆ 242 ಒತ್ತಡ ಸಂವೇದಕಗಳನ್ನು ಮೇಲ್ಮೈಗೆ ಸಮವಾಗಿ ಹುದುಗಿಸಿದ್ದರು. ಇನ್ನೊಂದಕ್ಕೆ ಬಾಗುವಿಕೆ ಮತ್ತು ತಿರುಚನ್ನು ತಿಳಿಸುವ ಸ್ಟ್ರೇನ್ ಗೇಜುಗಳನ್ನು ಅಂಟಿಸಿದ್ದರು. ಒತ್ತಡ ಸಂವೇದಕಗಳಲ್ಲಿ ಹೆಚ್ಚಿನವು ತ್ರಿಜ್ಯದ ಶೇಕಡಾ 22.5ರಿಂದ ಶೇಕಡಾ 99ರವರೆಗಿನ ಒಂಬತ್ತು ಛೇದಗಳಲ್ಲಿ (ಬ್ಲೇಡಿನ ಅಡ್ಡಕೊಯ್ತಗಳಲ್ಲಿ) ಮುಂಚೂಣಿಯಿಂದ ಹಿಂಚೂಣಿಯವರೆಗೆ ಸಾಲಾಗಿದ್ದವು, ಉಳಿದವು ಮುಂಚೂಣಿಯ ಬಳಿ ಇನ್ನಷ್ಟು ಜಾಗಗಳಲ್ಲಿದ್ದವು.

ಇಲ್ಲಿ ಗಮನಿಸಬೇಕಾದದ್ದೆಂದರೆ, ಲಿಫ್ಟನ್ನು ಯಾರೂ ನೇರವಾಗಿ ಅಳೆದಿಲ್ಲ. ಅಳೆದದ್ದು ಬಿಡಿ ಬಿಂದುಗಳ ಒತ್ತಡವನ್ನು. ಒಂದು ಛೇದದ ಮೇಲ್ಮೈ ಮತ್ತು ಕೆಳಮೈಗಳ ಒತ್ತಡಗಳನ್ನು ಕೂಡಿಸಿ ಆ ಛೇದದ ಲಂಬಬಲವನ್ನೂ ಪಿಚಿಂಗ್ ಮೊಮೆಂಟನ್ನೂ (ಬ್ಲೇಡಿನ ಮೂತಿಯನ್ನು ಮೇಲಕ್ಕೆ ಇಲ್ಲವೇ ಕೆಳಕ್ಕೆ ತಿರುಚುವ ಬಲ) ಪಡೆಯಲಾಗಿದೆ. ಹೀಗಾಗಿ ಎರಡರ ವಿಶ್ವಾಸಾರ್ಹತೆ ಒಂದೇ ಅಲ್ಲ. ಹಿಂಚೂಣಿಯ ಬಳಿಯ ಒಂದು ಸಂವೇದಕ ಕೆಟ್ಟಿದೆ ಎಂದಿಟ್ಟುಕೊಳ್ಳಿ. ಅಲ್ಲಿ ಒತ್ತಡದ ವ್ಯತ್ಯಾಸವೇ ಚಿಕ್ಕದಾದ್ದರಿಂದ ಒಟ್ಟು ಲಂಬಬಲಕ್ಕೆ ಅದರ ಕೊರತೆ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಮೊಮೆಂಟನ್ನು ಮುಂಚೂಣಿಯಿಂದ ಅಗಲದ ಕಾಲು ಭಾಗದಲ್ಲಿರುವ ಬಿಂದುವಿನಿಂದ ಅಳೆಯುತ್ತೇವೆ. ಹಿಂಚೂಣಿ ಆ ಬಿಂದುವಿನಿಂದ ಅಗಲದ ಮುಕ್ಕಾಲು ಭಾಗದಷ್ಟು ದೂರವಿರುವುದರಿಂದ ಅಲ್ಲಿನ ಸಣ್ಣ ದೋಷಕ್ಕೂ ಉದ್ದನೆಯ ಸನ್ನೆಗೋಲಿನ ಬಲ ಸಿಗುತ್ತದೆ. ಸಂವೇದಕದ ಸೊನ್ನೆ ತಾಪಮಾನದೊಂದಿಗೆ ತುಸು ಜಾರಿದರೂ ಮೊಮೆಂಟಿನ ಸರಾಸರಿ ಸ್ಥಾನಪಲ್ಲಟಗೊಳ್ಳುತ್ತದೆ. ಆದ್ದರಿಂದಲೇ ಅನುಭವಿಗಳು ಪಿಚಿಂಗ್ ಮೊಮೆಂಟಿನ ಹೋಲಿಕೆಯಲ್ಲಿ ಎರಡೂ ರೇಖೆಗಳ ಸರಾಸರಿಯನ್ನು ಕಳೆದು, ಏರಿಳಿತದ ಆಕಾರವನ್ನಷ್ಟೇ ಎದುರುಬದುರು ಇಡುತ್ತಾರೆ. ಅದು ತಪ್ಪನ್ನು ಮುಚ್ಚುವ ಉಪಾಯವಲ್ಲ. ಅಳತೆ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬ ತಿಳಿವಳಿಕೆಯಿಂದ ಬಂದ ಪದ್ಧತಿ.

ಒತ್ತಡದಿಂದ ಪಡೆದ ಭಾರದಲ್ಲಿ ಬ್ಲೇಡಿನ ಮೈಯನ್ನು ಸವರಿಕೊಂಡು ಹೋಗುವ ಗಾಳಿಯ ಘರ್ಷಣೆ ಸೇರಿರುವುದಿಲ್ಲ. ಅದನ್ನು ಮರೆತು ಲೆಕ್ಕದ ಪೂರ್ಣ ಡ್ರ್ಯಾಗನ್ನು (ಗಾಳಿ ಒಡ್ಡುವ ತಡೆಯನ್ನು) ಅಳತೆಯ ಪಕ್ಕದಲ್ಲಿಟ್ಟರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಸಂಕೇತಗಳು ಹಾಯ್ದು ಬರುವ ಫಿಲ್ಟರುಗಳು ತರುವ ವಿಳಂಬವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸುತ್ತಿನ ಒಂದು ಡಿಗ್ರಿ ಸೆಕೆಂಡಿನ ಸಾವಿರದ ಐನೂರೈವತ್ತನೇ ಒಂದು ಭಾಗದ ಆಸುಪಾಸಿನ ಸಮಯ ಎಂದಮೇಲೆ ಸಣ್ಣ ವಿಳಂಬವೂ ಫೇಸ್ ತಪ್ಪಾಗಿ ಕಾಣಿಸಿಕೊಳ್ಳುತ್ತದೆ.

ಇನ್ನು ಟ್ರಿಮ್ಮಿಗೆ ಬೇಕಾದ ಥ್ರಸ್ಟ್. ಹಾರಾಟದಲ್ಲಿ ಮುಖ್ಯ ರೋಟರಿನ ಥ್ರಸ್ಟನ್ನು ತೂಗಿ ನೋಡುವ ತಕ್ಕಡಿ ಇರುವುದಿಲ್ಲ. ಇಂಧನ ಖರ್ಚಾಗುತ್ತಾ ಹೋದಂತೆ ಬದಲಾಗುವ ಒಟ್ಟು ತೂಕ, ರೋಟರಿನ ಗಾಳಿ ಒಡಲನ್ನು ಕೆಳಕ್ಕೊತ್ತುವ ಬಲ, 20 ಡಿಗ್ರಿ ವಾಲಿಸಿ ಕೂರಿಸಿರುವ ಬಾಲದ ರೋಟರ್ ಮೇಲಕ್ಕೆತ್ತಿ ಕೊಡುವ ಪಾಲು, ಇವೆಲ್ಲವನ್ನೂ ಕೂಡಿ ಕಳೆದು ಅಂದಾಜಿಸಬೇಕು. ಒಂಬತ್ತು ಛೇದಗಳ ಒತ್ತಡಗಳನ್ನು ಬ್ಲೇಡಿನ ಉದ್ದಕ್ಕೂ ಕೂಡಿಸಿಯೂ ಥ್ರಸ್ಟ್ ಪಡೆಯಬಹುದು, ಆದರೆ ಎರಡು ದಾರಿಗಳ ಉತ್ತರ ಸರಿಯಾಗಿ ಒಂದೇ ಆಗುವುದಿಲ್ಲ. ಹೋಲಿಕೆ ಪ್ರಕಟಿಸುವವರು ತಾವು ಯಾವುದಕ್ಕೆ ಟ್ರಿಮ್ ಮಾಡಿದ್ದೇವೆ ಎಂದು ಹೇಳದಿದ್ದರೆ, ಆ ಚಿತ್ರದ ಮೇಲೆ ನಾನಂತೂ ಹೆಚ್ಚು ಭರವಸೆ ಇಡುವುದಿಲ್ಲ.

ಪ್ರಶ್ನೆ: ಹಾಗಿದ್ದರೆ ಗಾಳಿಸುರಂಗದಲ್ಲಿ ಅಳೆಯುವುದೇ ಲೇಸಲ್ಲವೇ?

ಉತ್ತರ: ಥ್ರಸ್ಟ್ ಮತ್ತು ಮೊಮೆಂಟುಗಳ ಮಟ್ಟಿಗೆ ಹೌದು, ಅಲ್ಲಿ ಅವನ್ನು ಬ್ಯಾಲೆನ್ಸ್ ಎಂಬ ಬಲಮಾಪಕದಿಂದ ನೇರವಾಗಿ ಅಳೆಯಬಹುದು. ಬ್ಲ್ಯಾಕ್ ಹಾಕ್‌ನ ಪೂರ್ಣಗಾತ್ರದ ರೋಟರನ್ನೇ ಏಮ್ಸ್‌ನಲ್ಲಿರುವ 40 ಅಡಿ ಎತ್ತರ, 80 ಅಡಿ ಅಗಲದ ಗಾಳಿಸುರಂಗದಲ್ಲಿ ನಿಲ್ಲಿಸಿ ನಡೆಸಿದ ಪರೀಕ್ಷೆ 2010ರಲ್ಲಿ ಮುಗಿಯಿತು. ಒತ್ತಡದ ಜೊತೆಗೆ ಬ್ಲೇಡಿನ ಬಾಗುವಿಕೆಯನ್ನು ಕ್ಯಾಮೆರಾಗಳಿಂದಲೂ, ಗಾಳಿಯ ಹರಿವನ್ನು ಲೇಸರ್ ಬೆಳಕಿನಲ್ಲಿ ಕಣಗಳ ಚಲನೆ ಹಿಡಿಯುವ ವಿಧಾನದಿಂದಲೂ ಅಲ್ಲಿ ದಾಖಲಿಸಲಾಯಿತು. ಅದಕ್ಕೂ ಮುಂಚೆ, 2001ರಲ್ಲಿ, ಯುರೋಪಿನ ಡಿಎನ್‌ಡಬ್ಲ್ಯು ಸುರಂಗದಲ್ಲಿ ಬಿಒ-105 ಹೆಲಿಕಾಪ್ಟರಿನ ರೋಟರನ್ನು ಶೇಕಡಾ 40ರ ಗಾತ್ರಕ್ಕೆ ಇಳಿಸಿ ನಡೆಸಿದ ಹಾರ್ಟ್-2 ಪರೀಕ್ಷೆ, ಇಳಿಹಾರಾಟದಲ್ಲಿ ಒಂದು ಬ್ಲೇಡಿನ ಸುಳಿಗೆ ಇನ್ನೊಂದು ಬ್ಲೇಡ್ ಹಾಯುವ ಸ್ಥಿತಿಗೆ ಇಂದಿಗೂ ಆಧಾರವಾಗಿದೆ. ಆದರೆ ಸುರಂಗಕ್ಕೆ ಗೋಡೆಗಳಿವೆ, ರೋಟರಿನ ಕೆಳಗೆ ನಿಜವಾದ ಒಡಲಿನ ಬದಲು ಆಧಾರದ ಕಂಬಗಳಿವೆ. ಹಾರಾಟವನ್ನು ಬಿಟ್ಟುಕೊಡಲಾಗದು, ಎರಡೂ ಬೇಕು.

ಪ್ರಶ್ನೆ: ಮುಂಬರುವ ಬ್ಲೇಡಿನ ಲಿಫ್ಟಿನ ತಪ್ಪು ಹಲವು ದಶಕ ಕಾಡಿತು ಎನ್ನುತ್ತಾರೆ. ತಪ್ಪು ಇದ್ದದ್ದು ಗಾಳಿಯ ಲೆಕ್ಕದಲ್ಲೋ, ಬ್ಲೇಡಿನ ಬಾಗುವಿಕೆಯ ಲೆಕ್ಕದಲ್ಲೋ? ಕೊನೆಗೆ ಅದು ಬಗೆಹರಿದದ್ದು ಹೇಗೆ?

ಉತ್ತರ: ಈ ಪ್ರಶ್ನೆಗೆ ವಿಸ್ತಾರವಾಗಿಯೇ ಉತ್ತರಿಸಬೇಕು, ಏಕೆಂದರೆ ಹೋಲಿಕೆ ಎಂಬ ಕೆಲಸದಿಂದ ಸಿಗಬಹುದಾದ ಅತ್ಯುತ್ತಮ ಫಲ ಈ ಕಥೆಯಲ್ಲಿದೆ.

ಬ್ಲೇಡ್ ಉದ್ದನೆಯ, ತೆಳುವಾದ, ಬಳುಕುವ ವಸ್ತು. ಗಾಳಿಯ ಭಾರ ಅದನ್ನು ಬಾಗಿಸುತ್ತದೆ, ತಿರುಚುತ್ತದೆ. ತಿರುಚಿದ ಬ್ಲೇಡ್ ಗಾಳಿಗೆ ಒಡ್ಡುವ ಕೋನ ಬದಲಾಗುತ್ತದೆ. ಕೋನ ಬದಲಾದರೆ ಭಾರವೇ ಬದಲಾಗುತ್ತದೆ. ಹೀಗೆ ಕಾರಣ ಮತ್ತು ಪರಿಣಾಮ ಒಂದನ್ನೊಂದು ಸುತ್ತಿಕೊಂಡಿರುವಾಗ, ಕೊನೆಯ ಚಿತ್ರದಲ್ಲಿ ಕಾಣುವ ತಪ್ಪು ಹುಟ್ಟಿದ್ದು ಯಾವ ಕಡೆ ಎಂದು ಹೇಳುವುದು ಕಷ್ಟ. 1999ರಲ್ಲಿ ಅಮೆರಿಕದ ಸೇನೆಯ ಸಂಶೋಧಕ ವಿಲಿಯಂ ಬೌಸ್‌ಮನ್ ಸಮಸ್ಯೆಯನ್ನು ಎರಡು ಸ್ಪಷ್ಟ ಭಾಗಗಳಾಗಿ ಮುಂದಿಟ್ಟರು. ಒಂದು, ಹೆಚ್ಚಿನ ವೇಗದಲ್ಲಿ ಮುಂಬರುವ ಬ್ಲೇಡಿನ ಋಣ ಲಿಫ್ಟಿನ ಫೇಸ್ ಲೆಕ್ಕದಲ್ಲಿ ತಪ್ಪುತ್ತದೆ. ಎರಡು, ಪಿಚಿಂಗ್ ಮೊಮೆಂಟನ್ನು ಲೆಕ್ಕಗಳು ಎಲ್ಲ ವೇಗಗಳಲ್ಲೂ ಕಡಿಮೆ ಕೊಡುತ್ತವೆ. ಬೇರೆ ಬೇರೆ ತಂಡಗಳು ಬರೆದ ಬೇರೆ ಬೇರೆ ಪ್ರೋಗ್ರಾಂಗಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದವು ಎಂಬುದೇ, ಕೊರತೆ ಯಾರೋ ಒಬ್ಬರ ಕೈತಪ್ಪಲ್ಲ, ಎಲ್ಲರೂ ನೆಚ್ಚಿದ್ದ ಭೌತಿಕ ಕಲ್ಪನೆಯಲ್ಲೇ ಇದೆ ಎಂಬುದರ ಸೂಚನೆಯಾಗಿತ್ತು.

ಆ ಕಲ್ಪನೆ ಯಾವುದೆಂದರೆ ಲಿಫ್ಟಿಂಗ್ ಲೈನ್. ಬ್ಲೇಡನ್ನು ಒಂದು ಗೆರೆಯೆಂದು ಭಾವಿಸಿ, ಪ್ರತಿ ಛೇದಕ್ಕೂ ಗಾಳಿ ಬಡಿಯುವ ಕೋನ ಮತ್ತು ಮ್ಯಾಕ್ ಸಂಖ್ಯೆಯನ್ನು ಕಂಡುಹಿಡಿದು, ಆ ಛೇದದ ಆಕಾರಕ್ಕೆ ಮೊದಲೇ ಸುರಂಗದಲ್ಲಿ ಅಳೆದಿಟ್ಟ ಕೋಷ್ಟಕದಿಂದ ಲಿಫ್ಟ್, ಡ್ರ್ಯಾಗ್, ಮೊಮೆಂಟುಗಳನ್ನು ಎತ್ತಿಕೊಳ್ಳುವುದು ಅದರ ಕ್ರಮ. ಬ್ಲೇಡಿನ ಹಿಂದೆ ಎಳೆದುಕೊಂಡು ಹೋಗುವ ಸುಳಿಗಳ ಪ್ರಭಾವವನ್ನು ಬೇರೆಯಾಗಿ ಸೇರಿಸುತ್ತಾರೆ. ಈ ವಿಧಾನ ಶೀಘ್ರ, ಅಗ್ಗ, ಮತ್ತು ಬಹುಪಾಲು ಸ್ಥಿತಿಗಳಲ್ಲಿ ಆಶ್ಚರ್ಯಪಡುವಷ್ಟು ಸಮರ್ಥ. ಆದರೆ ಕೋಷ್ಟಕ ಹೇಳುವುದು ಅಂತ್ಯವೇ ಇಲ್ಲದಷ್ಟು ಉದ್ದದ ರೆಕ್ಕೆಯ ಛೇದದ ವರ್ತನೆಯನ್ನು. ಬ್ಲ್ಯಾಕ್ ಹಾಕ್ ಬ್ಲೇಡಿನ ತುದಿಯ ಸುಮಾರು ಶೇಕಡಾ 7 ಭಾಗ 20 ಡಿಗ್ರಿಯಷ್ಟು ಹಿಂದಕ್ಕೆ ಬಾಗಿದೆ; ಅಲ್ಲಿ ಗಾಳಿ ತುದಿಯಾಚೆಗೆ ಸರಿದು ಹೋಗಲು ದಾರಿಯಿದೆ; ಆಘಾತ ತರಂಗ ಸುತ್ತಿನ ಜೊತೆ ಹುಟ್ಟುತ್ತದೆ, ಸರಿಯುತ್ತದೆ, ಅಡಗುತ್ತದೆ. ತರಂಗ ನಿಂತ ಜಾಗ ಸ್ವಲ್ಪ ಸರಿದರೆ ಒಟ್ಟು ಲಿಫ್ಟ್ ಹೆಚ್ಚು ಬದಲಾಗದೆಯೂ ಪಿಚಿಂಗ್ ಮೊಮೆಂಟ್ ಬಹಳ ಬದಲಾಗುತ್ತದೆ. ಕೋಷ್ಟಕಕ್ಕೆ ಇದನ್ನು ಹೇಳುವ ಶಕ್ತಿಯಿಲ್ಲ.

ಆದರೂ ಇದು ಊಹೆ ಮಾತ್ರ ಆಗಿರಬಹುದಿತ್ತು; ಬ್ಲೇಡಿನ ರಚನೆಯ ಲೆಕ್ಕವೇ ತಪ್ಪಿರಲಿಕ್ಕೂ ಸಾಕಿತ್ತು. ಎರಡನ್ನೂ ಬೇರ್ಪಡಿಸಿದ ರೀತಿ ನನಗೆ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಮೆಚ್ಚುಗೆಯಾದದ್ದು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅನುಭವ್ ದತ್ತ, ಇಂದರ್‌ಜಿತ್ ಚೋಪ್ರ ಮತ್ತು ಅವರ ಸಹೋದ್ಯೋಗಿಗಳು ವಾಯುಭಾರವನ್ನು ಲೆಕ್ಕ ಹಾಕುವುದನ್ನೇ ಬಿಟ್ಟು, ಹಾರಾಟದಲ್ಲಿ ಅಳೆದ ವಾಯುಭಾರವನ್ನು ನೇರವಾಗಿ ಬ್ಲೇಡಿನ ರಚನೆಯ ಲೆಕ್ಕಕ್ಕೆ ಹೇರಿದರು. ಗಾಳಿಯ ಲೆಕ್ಕದ ತಪ್ಪಿಗೆ ಇಲ್ಲಿ ಅವಕಾಶವೇ ಇಲ್ಲ. ಬ್ಲೇಡಿನ ಬಾಗುವಿಕೆ ಮತ್ತು ತಿರುಚು ಸ್ಟ್ರೇನ್ ಗೇಜಿನ ಅಳತೆಗೆ ಹೊಂದಿದರೆ ರಚನೆಯ ಲೆಕ್ಕ ಸರಿಯಿದೆ ಎಂದರ್ಥ. ಅದು ಬಹುಮಟ್ಟಿಗೆ ಹೊಂದಿತು. ಹಾಗೆ ಸಿಕ್ಕ ತಿರುಚನ್ನು ಮತ್ತೆ ಗಾಳಿಯ ಲೆಕ್ಕಕ್ಕೆ ಕೊಟ್ಟು ನೋಡಿದಾಗ, ಲಿಫ್ಟಿನ ಏರಿಳಿತ ತಪ್ಪಲು ಬಹುಮಟ್ಟಿಗೆ ಕಾರಣ ತಿರುಚು ತಪ್ಪಿದ್ದು, ತಿರುಚು ತಪ್ಪಲು ಕಾರಣ ಪಿಚಿಂಗ್ ಮೊಮೆಂಟ್ ತಪ್ಪಿದ್ದು ಎಂಬ ಸರಪಳಿ ಬಯಲಾಯಿತು. ಬೌಸ್‌ಮನ್ ಎತ್ತಿದ್ದ ಎರಡು ಸಮಸ್ಯೆಗಳು ಬಿಡಿ ಬಿಡಿಯಾಗಿರಲಿಲ್ಲ. ಮೊದಲನೆಯದು ಬಹುಪಾಲು ಎರಡನೆಯದರಿಂದಲೇ ಹುಟ್ಟಿತ್ತು. ಲಿಫ್ಟಿನ ರೇಖೆಯನ್ನಷ್ಟೇ ನೋಡುತ್ತಾ ಲಿಫ್ಟಿನ ಸೂತ್ರಗಳನ್ನೇ ತಿದ್ದುತ್ತಿದ್ದವರಿಗೆ ಇದು ಸಿಗುವಂತಿರಲಿಲ್ಲ.

ಪರಿಹಾರವಾಗಿ ಬಂದದ್ದು, ಕೋಷ್ಟಕದ ಜಾಗದಲ್ಲಿ ಗಾಳಿಯ ಹರಿವಿನ ಸಮೀಕರಣಗಳನ್ನೇ ಗಣಕದಲ್ಲಿ ಬಿಡಿಸುವ ಸಿಎಫ್‌ಡಿ ವಿಧಾನವನ್ನು ಬ್ಲೇಡಿನ ರಚನೆಯ ಲೆಕ್ಕದೊಂದಿಗೆ ಜೋಡಿಸುವುದು. ಸಿಎಫ್‌ಡಿ ಮತ್ತು ಪೂರ್ಣ ರೋಟರಿನ ಪ್ರೋಗ್ರಾಂ ಪ್ರತಿ ಕ್ಷಣವೂ ಮಾತಾಡಿಕೊಳ್ಳಬೇಕಾಗಿಲ್ಲ. ಹಾರಾಟ ಸ್ಥಿರವಾಗಿದ್ದು ಪ್ರತಿ ಸುತ್ತೂ ಹಿಂದಿನದರಂತೆಯೇ ಇರುವುದಾದರೆ, ಸುತ್ತಿನ ಮಟ್ಟದಲ್ಲಿ ವಿನಿಮಯವಾದರೆ ಸಾಕು. ಪೂರ್ಣ ರೋಟರಿನ ಪ್ರೋಗ್ರಾಂ ತನ್ನ ಲಿಫ್ಟಿಂಗ್ ಲೈನ್ ಲೆಕ್ಕದಿಂದ ಟ್ರಿಮ್ ಮತ್ತು ಬಾಗುವಿಕೆಗಳನ್ನು ಕೊಡುತ್ತದೆ. ಆ ಬಾಗುವಿಕೆಯ ಬ್ಲೇಡಿನ ಮೇಲೆ ಸಿಎಫ್‌ಡಿ ತನ್ನ ಭಾರವನ್ನು ಕಂಡುಹಿಡಿಯುತ್ತದೆ. ಎರಡು ಭಾರಗಳ ವ್ಯತ್ಯಾಸವನ್ನು ತಿದ್ದುಪಡಿಯಾಗಿ ಮೊದಲಿನ ಪ್ರೋಗ್ರಾಮಿಗೆ ಕೂಡಿಸಿ ಮತ್ತೆ ಟ್ರಿಮ್ ಮಾಡುತ್ತಾರೆ. ತಿದ್ದುಪಡಿ ಬದಲಾಗದೆ ನಿಂತಾಗ ಲಿಫ್ಟಿಂಗ್ ಲೈನಿನ ಪಾಲು ತಾನಾಗಿ ಕಳೆದುಹೋಗಿ, ಉಳಿಯುವ ಭಾರ ಪೂರ್ತಿ ಸಿಎಫ್‌ಡಿಯದಾಗಿರುತ್ತದೆ. ಈ ಉಪಾಯ 1984ರಲ್ಲೇ ಸಂಶೋಧಕರಾದ ಟುಂಗ್, ಕ್ಯಾರಡೋನ ಮತ್ತು ಜಾನ್ಸನ್ ಅವರಿಂದ ಬಂದಿತ್ತು. ಆದರೆ ಆಗ ಪಿಚಿಂಗ್ ಮೊಮೆಂಟನ್ನು ನೆಚ್ಚಿಕೊಳ್ಳುವ ಹಾಗೆ ಕೊಡುವ ಶಕ್ತಿ ಹರಿವಿನ ಲೆಕ್ಕಗಳಿಗೆ ಇರಲಿಲ್ಲ. 2004ರಲ್ಲಿ ಪಾಟ್ಸ್‌ಡಮ್, ಯೋ ಮತ್ತು ಜಾನ್ಸನ್ ಓವರ್‌ಫ್ಲೋ ಎಂಬ ಸಿಎಫ್‌ಡಿ ಪ್ರೋಗ್ರಾಂ ಮತ್ತು ಕ್ಯಾಮ್‌ರಾಡ್-2 ಎಂಬ ಪೂರ್ಣ ರೋಟರಿನ ಪ್ರೋಗ್ರಾಂಗಳನ್ನು ಇದೇ ಕ್ರಮದಲ್ಲಿ ಜೋಡಿಸಿ, ಬ್ಲ್ಯಾಕ್ ಹಾಕ್‌ನ ಹೆಚ್ಚಿನ ವೇಗ, ಕಡಿಮೆ ವೇಗ ಮತ್ತು ಸ್ಟಾಲ್ (ಗಾಳಿ ಬ್ಲೇಡಿನ ಮೇಲ್ಮೈಯಿಂದ ಕಳಚಿಕೊಳ್ಳುವ) ಸ್ಥಿತಿಗಳನ್ನು ಅಳತೆಯೊಂದಿಗೆ ಹೋಲಿಸಿದರು. ಋಣ ಲಿಫ್ಟಿನ ಫೇಸ್ ಸರಿಯಾದ ಜಾಗಕ್ಕೆ ಬಂತು. ಪಿಚಿಂಗ್ ಮೊಮೆಂಟಿನ ಏರಿಳಿತವೂ ಅಳತೆಯ ಆಕಾರ ತಳೆಯಿತು. ಅದೇ ಕಾಲದಲ್ಲಿ ಮೇರಿಲ್ಯಾಂಡ್ ತಂಡವೂ ತನ್ನದೇ ಪ್ರೋಗ್ರಾಂಗಳಿಂದ ಅದೇ ನಿರ್ಣಯಕ್ಕೆ ಬಂದದ್ದು ಈ ಫಲಿತಾಂಶಕ್ಕೆ ತೂಕ ತಂದಿತು.

ಪ್ರಶ್ನೆ: ಇನ್ನು ಮುಂದೆ ಲಿಫ್ಟಿಂಗ್ ಲೈನ್ ಲೆಕ್ಕಗಳನ್ನು ಕೈಬಿಟ್ಟು ಸಿಎಫ್‌ಡಿಯನ್ನೇ ಬಳಸಬಹುದೇ?

ಉತ್ತರ: ಸ್ಥಿತಿಯನ್ನು ನೋಡಿ ನಿರ್ಧರಿಸಬೇಕು. ಕಡಿಮೆ ವೇಗದಲ್ಲಿ, ಅಂದರೆ ಮುಂದಣ ವೇಗ ತುದಿಯ ವೇಗದ ಶೇಕಡಾ 15ರ ಆಸುಪಾಸಿನಲ್ಲಿದ್ದಾಗ, ಏರಿಳಿತವನ್ನು ತರುವುದು ಹಿಂದಿನ ಬ್ಲೇಡುಗಳ ತುದಿಯಿಂದ ಕಳಚಿ ರೋಟರಿನ ತಟ್ಟೆಗೆ ಹತ್ತಿರವೇ ಉಳಿಯುವ ಸುಳಿಗಳು. ಸುಳಿಗಳನ್ನು ಸ್ವತಂತ್ರವಾಗಿ ಚಲಿಸಲು ಬಿಡುವ ಲಿಫ್ಟಿಂಗ್ ಲೈನ್ ಲೆಕ್ಕ ಇಲ್ಲಿ ಲಿಫ್ಟಿನ ರೂಪವನ್ನು ಚೆನ್ನಾಗಿಯೇ ಹಿಡಿಯುತ್ತದೆ. ಸಿಎಫ್‌ಡಿಗಾದರೋ, ಜಾಲರಿ ಒರಟಾಗಿದ್ದರೆ ಸುಳಿ ಬ್ಲೇಡನ್ನು ಮುಟ್ಟುವ ಮೊದಲೇ ಲೆಕ್ಕದೊಳಗೆ ಕರಗಿಹೋಗುತ್ತದೆ. ಸುಳಿಯನ್ನು ಉಳಿಸಿಕೊಳ್ಳಲು ಅತಿ ನವಿರಾದ ಜಾಲರಿಯೂ ಬಹಳ ಗಣಕ ಸಮಯವೂ ಬೇಕು.

ಸ್ಟಾಲ್‌ನ ಕಥೆ ಬೇರೆ. ಬ್ಲ್ಯಾಕ್ ಹಾಕ್ ಸುಮಾರು 17,000 ಅಡಿ ಎತ್ತರದಲ್ಲಿ, ತೆಳುವಾದ ಗಾಳಿಯಲ್ಲಿ ಭಾರಿ ಥ್ರಸ್ಟ್ ಹೊತ್ತು ಹಾರಿದ ಸ್ಥಿತಿಯಲ್ಲಿ, ಹಿಂದಕ್ಕೆ ಹೋಗುವ ಬ್ಲೇಡಿನ ಮೇಲೆ ಗಾಳಿ ಒಂದಲ್ಲ, ಎರಡು ಬಾರಿ ಕಳಚಿಕೊಳ್ಳುತ್ತದೆ. ಮೊದಲ ಸ್ಟಾಲ್ ಬಂದಾಗ ಪಿಚಿಂಗ್ ಮೊಮೆಂಟ್ ಒಮ್ಮೆಲೇ ಕುಸಿದು ಬ್ಲೇಡಿನ ಮೂತಿಯನ್ನು ಕೆಳಕ್ಕೆ ತಿರುಚುತ್ತದೆ. ಬ್ಲೇಡಿನ ತಿರುಚಿನ ಸಹಜ ಆವೃತ್ತಿ ಸುತ್ತಿಗೆ ನಾಲ್ಕೈದು ಬಾರಿಯ ಆಸುಪಾಸಿನಲ್ಲಿರುವುದರಿಂದ ಅದು ಬೇಗನೆ ಮರುತಿರುಚಿ ಮೂತಿಯನ್ನು ಮತ್ತೆ ಮೇಲೆತ್ತುತ್ತದೆ, ಆ ಏರಿಕೆ ಎರಡನೆಯ ಸ್ಟಾಲ್‌ಗೆ ದಾರಿಮಾಡಿಕೊಡುತ್ತದೆ. ಮೊದಲನೆಯದರ ಕೋನ ಸ್ವಲ್ಪ ತಪ್ಪಿದರೂ ಎರಡನೆಯದು ಎಲ್ಲಿಗೋ ಹೋಗಿ ನಿಲ್ಲುತ್ತದೆ. ಜೋಡಿಸಿದ ಸಿಎಫ್‌ಡಿ ಇಲ್ಲಿ ಎರಡೂ ಸ್ಟಾಲ್‌ಗಳನ್ನು ತೋರಿಸುತ್ತದೆಯಾದರೂ, ಗಾಳಿ ಮೇಲ್ಮೈಯಿಂದ ಕಳಚುವ ಕ್ಷಣ ಟರ್ಬ್ಯುಲೆನ್ಸ್‌ಗೆ ಆಯ್ದುಕೊಂಡ ಮಾದರಿಯನ್ನು ಅವಲಂಬಿಸುತ್ತದೆ. ಹೊಂದಿಕೆಯಾದರೂ ಎಚ್ಚರದಿಂದ ನೋಡಬೇಕಾದ ಜಾಗವಿದು. ಅಗಲದ ದಿಕ್ಕಿನ ಬಾಗುವಿಕೆಯ ಹೋಲಿಕೆಯೂ ಇನ್ನೂ ಅಷ್ಟು ತೃಪ್ತಿಕರವಲ್ಲ. ಅದಕ್ಕೆ ಬ್ಲೇಡಿನ ಬೇರಿನಲ್ಲಿರುವ ಡ್ಯಾಂಪರಿನ ವರ್ತನೆಯನ್ನು ಲೆಕ್ಕದಲ್ಲಿ ಸರಿಯಾಗಿ ಬರೆಯುವುದು ಕಷ್ಟವಾಗಿರುವುದೂ ಒಂದು ಕಾರಣ.

ಪ್ರಶ್ನೆ: ನನ್ನ ಪ್ರಬಂಧದಲ್ಲಿ ಹೋಲಿಕೆಯ ಚಿತ್ರಗಳನ್ನು ಹಾಕಬೇಕಾಗಿದೆ. ಹೊಂದಿಕೆ "ಚೆನ್ನಾಗಿದೆ" ಎಂದು ಬರೆಯಲು ಯಾವ ಆಧಾರ ಬೇಕು?

ಉತ್ತರ: "ಚೆನ್ನಾಗಿದೆ" ಎಂಬುದನ್ನು ಬರೆಯದಿರುವುದೇ ಒಳ್ಳೆಯದು, ಏನು ಹೊಂದಿದೆ, ಎಷ್ಟು ಹೊಂದಿದೆ ಎಂದು ಬರೆಯಿರಿ. ಛೇದದ ಬಲವನ್ನು ಗುಣಾಂಕವಾಗಿ ಕೊಡುವಾಗ ಅದನ್ನು ಮ್ಯಾಕ್ ಸಂಖ್ಯೆಯ ವರ್ಗದಿಂದ ಗುಣಿಸಿ ಕೊಡುವುದು ರೂಢಿ. ಹಾಗೆ ಮಾಡದಿದ್ದರೆ ಹಿಂದಕ್ಕೆ ಹೋಗುವ ಬದಿಯ ದುರ್ಬಲ ಗಾಳಿಯಲ್ಲಿ ಗುಣಾಂಕ ದೈತ್ಯವಾಗಿ ಕಂಡು, ಬಲವೇ ಇಲ್ಲದ ಜಾಗದ ಸಣ್ಣ ತಪ್ಪು ಇಡೀ ಚಿತ್ರವನ್ನು ನುಂಗುತ್ತದೆ.

ಒಂದೇ ಛೇದದ ಚಿತ್ರ ಸಾಲದು. ತುದಿಯ ಬಳಿಯ ಶೇಕಡಾ 96.5ರ ಛೇದ, ಅದರ ಒಳಗಿನ ಶೇಕಡಾ 86.5 ಮತ್ತು 77.5ರ ಛೇದಗಳು, ಬೇರಿನ ಕಡೆಯದೊಂದು, ಇಷ್ಟನ್ನಾದರೂ ಕೊಡಿ. ಹೊರಗೆ ಹೊಂದಿದ ಲೆಕ್ಕ ಒಳಗೆ ತಪ್ಪಿದ್ದರೆ ಟ್ರಿಮ್ ಆ ತಪ್ಪನ್ನು ಹೊರಗಿನದರ ಮೇಲೆ ಹೊರಿಸಿರುವ ಸಾಧ್ಯತೆಯಿದೆ. ಪ್ರತಿ ಛೇದದ ರೇಖೆಯನ್ನು ಪೂರ್ಣವಾಗಿ ತೋರಿಸಿದ ಮೇಲೆ, ಸುತ್ತಿಗೆ ಮೂರು ಬಾರಿ ಮತ್ತು ಅದಕ್ಕಿಂತ ಹೆಚ್ಚಿನ ಏರಿಳಿತವನ್ನು ಬೇರೆಯಾಗಿ ತೋರಿಸಿ. ಸುತ್ತಿಗೆ ಒಂದು ಬಾರಿಯ ಭಾಗ ಎತ್ತರದಲ್ಲಿ ದೊಡ್ಡದಾದ್ದರಿಂದ ಕಣ್ಣನ್ನು ಸೆಳೆದು ಉಳಿದುದನ್ನು ಮರೆಮಾಡುತ್ತದೆ, ಕಂಪನವನ್ನು ತರುವುದಾದರೋ ಆ ಉಳಿದದ್ದೇ. ಎತ್ತರ ಮತ್ತು ಫೇಸ್ ಎರಡನ್ನೂ ಅಂಕಿಗಳಲ್ಲಿ ಬರೆಯಿರಿ.

ಲಂಬಬಲವನ್ನಷ್ಟೇ ಕೊಟ್ಟು ಪಿಚಿಂಗ್ ಮೊಮೆಂಟನ್ನು ಬಿಡಬೇಡಿ; ಮೇಲಿನ ಉತ್ತರಗಳನ್ನು ಓದಿದ್ದರೆ ಕಾರಣ ಮತ್ತೆ ಹೇಳಬೇಕಾಗಿಲ್ಲ. ಮೊಮೆಂಟಿನ ಜೊತೆಗೆ ತಿರುಚಿನ ಭಾರವನ್ನೂ ಬ್ಲೇಡಿನ ಕೋನವನ್ನು ಬದಲಿಸುವ ಸರಳಾದ ಪಿಚ್ ಲಿಂಕಿನ ಮೇಲಿನ ಭಾರವನ್ನೂ ಅಳತೆಯ ಪಕ್ಕದಲ್ಲಿಟ್ಟರೆ, ನಿಮ್ಮ ಲಿಫ್ಟ್ ಸರಿಯಾದ ಕಾರಣಕ್ಕೆ ಸರಿಯಾಗಿದೆಯೇ ಎಂದು ಓದುವವರೇ ನೋಡಿಕೊಳ್ಳಬಹುದು. ಜಾಲರಿಯನ್ನು ನವಿರು ಮಾಡಿದಾಗಲೂ ಸಮಯದ ಹೆಜ್ಜೆಯನ್ನು ಕಿರಿದು ಮಾಡಿದಾಗಲೂ ಉತ್ತರ ನಿಲ್ಲುತ್ತದೆಯೇ ಎಂಬುದನ್ನು ಹೋಲಿಕೆಗೆ ಮೊದಲೇ ನೋಡಿರಬೇಕು. ಒರಟು ಜಾಲರಿಯ ಉತ್ತರ ಅಳತೆಗೆ ಹತ್ತಿರವಿದ್ದು ನವಿರಾದದ್ದು ದೂರ ಸರಿದರೆ, ಎರಡನ್ನೂ ಪ್ರಬಂಧದಲ್ಲಿ ಕೊಡಿ.

ಅಳತೆಯ ಸರಾಸರಿಯನ್ನು ಕಳೆದ ಚಿತ್ರವನ್ನು ಹಾಕುವುದಾದರೆ, ಕಳೆದಿದ್ದೇವೆ ಎಂದು ಚಿತ್ರದ ಕೆಳಗೇ ಬರೆದು, ಕಳೆಯದ ಬೆಲೆಗಳನ್ನು ಒಂದು ಕೋಷ್ಟಕದಲ್ಲಿ ಸೇರಿಸಿ. ಯಾವ ಥ್ರಸ್ಟಿಗೆ, ಯಾವ ಹಬ್ ಮೊಮೆಂಟುಗಳಿಗೆ ಟ್ರಿಮ್ ಮಾಡಿದಿರಿ, ಅವು ತೂಕದ ಅಂದಾಜಿನಿಂದ ಬಂದವೋ ಒತ್ತಡದ ಮೊತ್ತದಿಂದ ಬಂದವೋ ಎಂಬುದೂ ಅಲ್ಲೇ ಇರಲಿ. ಬೇರೊಬ್ಬರು ಅದೇ ಹಾರಾಟದ ಸ್ಥಿತಿಯನ್ನು ತಮ್ಮ ಪ್ರೋಗ್ರಾಮಿನಲ್ಲಿ ಬಿಡಿಸಿ ನಿಮ್ಮ ರೇಖೆಯೊಂದಿಗೆ ಹೋಲಿಸಬೇಕಾದಾಗ ಅವರಿಗೆ ಮೊದಲು ಬೇಕಾಗುವುದು ಇವೇ ಸಂಖ್ಯೆಗಳು.